ಪರೀಕ್ಷೆ ಒಂದೇ ಇರಲಿ, ತರಬೇತಿ ಮೈಗೆ ತಕ್ಕ ಹಾಗಿರಲಿ

ಸೈನ್ಯದಲ್ಲಿ ಹೆಣ್ಣುಮಕ್ಕಳ ಮಾತು ಬಂದರೆ ಸಾಕು, ಎರಡು ಗುಂಪು ಎದ್ದು ನಿಲ್ಲುತ್ತವೆ. "ಅವರ ಕೈಲಿ ಆಗಲ್ಲ" ಅನ್ನುವವರು ಒಂದು ಕಡೆ, "ಮೈಯಲ್ಲಿ ವ್ಯತ್ಯಾಸವೇ ಇಲ್ಲ" ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ.

ವ್ಯತ್ಯಾಸ ಇದೆ. ಸರಾಸರಿ ನೋಡಿದರೆ ತೋಳು, ಭುಜದ ಬಲದಲ್ಲಿ ಅಂತರ ಜಾಸ್ತಿ, ಕಾಲಿನ ಬಲದಲ್ಲಿ ಅಷ್ಟಿಲ್ಲ. ಗಾಯಗೊಂಡ ಸೈನಿಕನನ್ನು ಎಳೆದು ತರುವಾಗ ಅವನ ಮೈಭಾರದ ಜೊತೆ ಹೆಲ್ಮೆಟ್, ರಕ್ಷಣಾ ಜಾಕೆಟ್, ಮದ್ದುಗುಂಡು ಎಲ್ಲವೂ ಬರುತ್ತದೆ. ಎಳೆಯುವವರು ಹೆಣ್ಣಾದರೆ ಆ ಭಾರ ಇಳಿಯುವುದಿಲ್ಲ, ಅಲ್ವಾ? ಹಾಗಾಗಿ ಕಾಲಾಳು ಪಡೆಯ ಪರೀಕ್ಷೆ ಎಲ್ಲರಿಗೂ ಒಂದೇ ಇರಬೇಕು. ಅಮೆರಿಕ ಸೈನ್ಯದ ಅತಿ ಕಠಿಣ ತರಬೇತಿಗಳಲ್ಲಿ ಒಂದಾದ ರೇಂಜರ್ ಸ್ಕೂಲನ್ನು 2015ರಲ್ಲಿ ಮೊದಲು ಮುಗಿಸಿದ ಇಬ್ಬರು ಮಹಿಳೆಯರಲ್ಲಿ ಕ್ರಿಸ್ಟನ್ ಗ್ರೀಸ್ಟ್ ಒಬ್ಬರು. ಯುದ್ಧದ ಹುದ್ದೆಗಳ ದೈಹಿಕ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಅಂಕ ಬೇಡ ಅಂತ 2021ರಲ್ಲಿ ಅವರೇ ಬರೆದರು. ರಿಯಾಯಿತಿ ಕೊಟ್ಟರೆ, ಬೆವರು ಸುರಿಸಿ ಪಾಸಾದವಳನ್ನೂ ಜನ ಅನುಮಾನದಿಂದಲೇ ನೋಡುತ್ತಾರೆ.

ಆದರೆ ತರಬೇತಿಯ ವಿಷಯ ಬೇರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಬ್ರಿಟನ್ ಸೈನ್ಯ 1998ರಲ್ಲಿ ಗಂಡು ಹೆಣ್ಣು ಇಬ್ಬರಿಗೂ ಒಂದೇ ತರಬೇತಿ ಶುರು ಮಾಡಿತು. ಆಮೇಲೆ ಮೂಳೆ, ಕೀಲುಗಳ ಮೇಲೆ ಪದೇ ಪದೇ ಒತ್ತಡ ಬಿದ್ದು ಆದ ಗಾಯದಿಂದ ಸೈನ್ಯ ಬಿಟ್ಟು ಮನೆಗೆ ಹೋದ ಹುಡುಗಿಯರ ಪ್ರಮಾಣ ಎರಡು ಪಟ್ಟು ದಾಟಿತು. ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕುವ ಒಂದು ಮಾರ್ಚ್ ನೋಡಿ. ಉದ್ದ ಕಾಲಿನವರ ಹೆಜ್ಜೆಗೆ ಗಿಡ್ಡ ಹುಡುಗಿ ತನ್ನ ಹೆಜ್ಜೆ ಸೇರಿಸಬೇಕು. ಬೆನ್ನ ಮೇಲೆ ಭಾರ, ಪ್ರತಿ ಹೆಜ್ಜೆಗೂ ತೊಡೆ ಚಾಚಬೇಕು. ಕಿಬ್ಬೊಟ್ಟೆಯ ಕೆಳಗಿನ ತೆಳು ಮೂಳೆಯನ್ನು ತೊಡೆಯ ಸ್ನಾಯುಗಳು ಎಳೆಯುತ್ತಲೇ ಇರುತ್ತವೆ. ವಾರಗಟ್ಟಲೆ ಹೀಗೇ ನಡೆದರೆ ಅಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಮೊದಮೊದಲು ಸುಮ್ನೆ ತೊಡೆಸಂದಿನ ನೋವು ಅನ್ನಿಸುತ್ತದೆ. ಹೇಳಿಕೊಂಡರೆ ನೆಪ ಅನ್ನುತ್ತಾರೆ ಅಂತ ಅವಳು ನುಂಗಿಕೊಂಡು ನಡೆಯುತ್ತಾಳೆ.

ಆಸ್ಟ್ರೇಲಿಯಾದಲ್ಲಿ ಮಾರ್ಚಿನ ವೇಗ ಇಳಿಸಿ, ಅವರವರ ಹೆಜ್ಜೆಯಲ್ಲಿ ನಡೆಯಲು ಬಿಟ್ಟಾಗ ಹುಡುಗಿಯರಲ್ಲಿ ಈ ಬಿರುಕು ತುಂಬಾ ಕಡಿಮೆಯಾಯಿತು. ಪರೇಡ್ ಚೆಂದ ಕಾಣಲಿ ಅಂತ ಒಳ್ಳೆಯ ಸೈನಿಕರನ್ನು ಕಳೆದುಕೊಳ್ಳುವುದರಲ್ಲಿ ಯಾವ ಶಿಸ್ತಿದೆ?

ಬೆನ್ನುಚೀಲದ್ದೂ ಇದೇ ಕಥೆ. ಅದರ ಚೌಕಟ್ಟು ಉದ್ದವಾದರೆ ಪಟ್ಟಿ ಸೊಂಟದ ಮೇಲೆ ಕೂರುವುದಿಲ್ಲ, ಪೂರ್ತಿ ಭಾರ ಭುಜಕ್ಕೆ ಬೀಳುತ್ತದೆ. ಗಿಡ್ಡಗಿರುವ ಗಂಡು ಹುಡುಗರಿಗೂ ಹೀಗೇ. ಸರಿಯಾದ ಅಳತೆಯ ಚೀಲ ಕೊಡಿ. ಕೋರ್ಸಿಗೆ ತಿಂಗಳುಗಳ ಮೊದಲೇ ತೂಕ ಎತ್ತಿಸಿ, ಭಾರವನ್ನು ಹಂತ ಹಂತವಾಗಿ ಏರಿಸಿ, ರಕ್ತದಲ್ಲಿ ಕಬ್ಬಿಣದಂಶ ನೋಡಿ, ಹೊಟ್ಟೆ ತುಂಬಾ ಊಟ ಹಾಕಿ. ಆಮೇಲೆ ಎಲ್ಲರಿಗೂ ಅದೇ ಪರೀಕ್ಷೆ ಇಡಿ. ಪಾಸಾಗದಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಆ ಹುದ್ದೆ ಕೊಡಬೇಡಿ.