ಕ್ಯಾಮೆರಾ ಮೇಲೊಂದು ಲಂಗೋಟಿ

ನಾನು ಎಷ್ಟನೇ ತಿಂಗಳಿಗೆ ನಡೆದೆ ಅಂತ ಅಮ್ಮನನ್ನು ಕೇಳಿದೆ. ಬಟ್ಟೆ ಮಡಚುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

“ಈಗ ನಡೀತಿದೀಯಲ್ಲ, ಮತ್ತೇನು?”

ತಿಂಗಳು ಬೇಡ, ವರ್ಷವಾದರೂ ಹೇಳು ಎಂದು ಬೆನ್ನು ಹತ್ತಿದೆ. “ನೀನೋ ನಿಮ್ಮಣ್ಣನೋ, ಒಬ್ಬರು ಬೇಗ ನಡೆದ್ರಿ. ಇನ್ನೊಬ್ಬರು ತಡ” ಎಂದಳು. ಮೂರು ಮಕ್ಕಳನ್ನು ಸಾಕಿದವಳ ಹತ್ತಿರ ಇರುವ ದಾಖಲೆ ಇಷ್ಟು. ಒಮ್ಮೆ ನನ್ನನ್ನು ನೆಂಟರ ಮನೆಯಲ್ಲೇ ಮರೆತು ಬಂದಿದ್ದರಂತೆ. ರಾತ್ರಿ ಊಟಕ್ಕೆ ಹಾಕಿದ ತಟ್ಟೆ ಒಂದು ಜಾಸ್ತಿ ಉಳಿಯಿತಂತೆ, ಆಗ ಗೊತ್ತಾಯಿತಂತೆ. ಇದನ್ನೂ ಅಮ್ಮ ನಗುನಗುತ್ತಾ ಹೇಳುತ್ತಾಳೆ.

ನನ್ನ ಕಥೆ ಹಾಗಲ್ಲ. ಮಗಳು ಹುಟ್ಟಿದ ದಿನದಿಂದ ಫೋನಿನಲ್ಲಿ ಒಂದು ಆ್ಯಪ್ ಇದೆ. ಎಷ್ಟು ನಿಮಿಷ ಹಾಲು ಕುಡಿದಳು, ಎಷ್ಟು ಹೊತ್ತು ಮಲಗಿದಳು, ಎಷ್ಟು ಲಂಗೋಟಿ ಒದ್ದೆ ಮಾಡಿದಳು, ಎಲ್ಲದಕ್ಕೂ ಒಂದೊಂದು ಬಣ್ಣದ ಗ್ರಾಫ್. ಎರಡನೇ ವಾರದಲ್ಲಿ ಒಂದು ರಾತ್ರಿ ಟೈಮರ್ ನಿಲ್ಲಿಸದೆ ನಿದ್ದೆ ಹೋದೆ. ಬೆಳಿಗ್ಗೆ ನೋಡಿದರೆ ಮಗು ಒಂದೇ ಸಮನೆ ಆರೂವರೆ ಗಂಟೆ ಹಾಲು ಕುಡಿದಿದೆ! ಆ್ಯಪ್ ಅದಕ್ಕೊಂದು ನಕ್ಷತ್ರ ಬೇರೆ ಕೊಟ್ಟಿತ್ತು.

ಮಗಳು ಅಂಬೆಗಾಲಿಡಲೇ ಇಲ್ಲ. ಕೂತಲ್ಲಿಂದಲೇ ಕುಂಡಿ ಎಳೆದುಕೊಂಡು ಮನೆಯೆಲ್ಲ ಸುತ್ತುತ್ತಿದ್ದಳು. ನೆಲ ಒರೆಸುವ ಕೆಲಸ ಅರ್ಧ ಅವಳೇ ಮಾಡುತ್ತಿದ್ದಳು ಅನ್ನಿ. ನಾನು ಕಂಗಾಲಾದೆ. ಹುಡುಕಿದಾಗ ವಿಶ್ವ ಆರೋಗ್ಯ ಸಂಸ್ಥೆಯವರು ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕ ಸಿಕ್ಕಿತು. ಮಗು ಯಾರ ಆಸರೆಯೂ ಇಲ್ಲದೆ ನಡೆಯುವುದು 8.2ರಿಂದ 17.6 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದಂತೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿನ ಗೊಡವೆಗೇ ಹೋಗುವುದಿಲ್ಲವಂತೆ. ಉಸಿರು ಬಿಟ್ಟು ಅಮ್ಮನಿಗೆ ಓದಿ ಹೇಳಿದೆ.

“ಅಂದ್ರೆ, ನಡೆಯೋವಾಗ ನಡೀತಾಳೆ ಅಂತ ತಾನೇ? ಅದನ್ನೇ ಅಲ್ವಾ ನಾನು ಎರಡು ತಿಂಗಳಿಂದ ಬಡ್ಕೋತಿರೋದು? ನಾನು ಒಂದು ದೇಶ ನೋಡಿ ಹೇಳಿದೆ, ಅವರು ಐದು ದೇಶ ನೋಡಿ ಹೇಳಿದಾರೆ.”

ಹಾಗಂತ ಹಳಬರು ಹೇಳಿದ್ದೆಲ್ಲ ಸರಿ ಅಂತ ನಾನು ಒಪ್ಪುವವಳಲ್ಲ. ಬೋರಲು ಮಲಗಿಸಿದರೆ ಒಳ್ಳೆ ನಿದ್ದೆ ಮಾಡುತ್ತೆ ಎಂದು ಅಮ್ಮ ಹೇಳಿದಾಗ ನಾನು ಜಗ್ಗಲಿಲ್ಲ. ಒಂದು ಕಾಲದಲ್ಲಿ ಕೆಲವು ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದರು. ಆಮೇಲೆ 1990ರ ದಶಕದಲ್ಲಿ ಅಂಗಾತವೇ ಮಲಗಿಸಿ ಎಂದು ಹಲವು ದೇಶಗಳಲ್ಲಿ ಪ್ರಚಾರ ಶುರುವಾಯಿತು. ನಿದ್ದೆಯಲ್ಲೇ ಹಠಾತ್ತನೆ ಸಾಯುವ ಕೂಸುಗಳ ಸಂಖ್ಯೆ ಅದರಿಂದ ಎಷ್ಟೋ ಇಳಿಯಿತು. ಈ ವಿಷಯದಲ್ಲಿ ತಮಾಷೆಯಿಲ್ಲ. ಅಮ್ಮನೂ ಕೇಳಿ ಸುಮ್ಮನಾದಳು.

ಆದರೆ ತಜ್ಞರು ಹೇಳಿದ್ದೂ ವೇದವಾಕ್ಯ ಅಲ್ಲ. ಜಾನ್ ವಾಟ್ಸನ್ ಅಂತ ಅಮೆರಿಕದ ದೊಡ್ಡ ಮನಶ್ಶಾಸ್ತ್ರಜ್ಞ ಇದ್ದ. ಮಕ್ಕಳನ್ನು ಅಪ್ಪಿಕೊಳ್ಳಬೇಡಿ, ಮುತ್ತು ಕೊಡಬೇಡಿ, ಬೆಳಿಗ್ಗೆ ಎದ್ದಾಗ ಕೈ ಕುಲುಕಿ ಸಾಕು ಎಂದು 1928ರಲ್ಲಿ ತಾಯಂದಿರಿಗೆ ಬುದ್ಧಿ ಹೇಳಿದ್ದ. ಇದನ್ನು ಕೇಳಿ ಅಮ್ಮ ತುಂಬ ಹೊತ್ತು ನಕ್ಕಳು. ಮರುದಿನ ಬೆಳಿಗ್ಗೆ ತೊಟ್ಟಿಲ ಮುಂದೆ ನೆಟ್ಟಗೆ ನಿಂತು ಮೊಮ್ಮಗಳಿಗೆ ಕೈ ಚಾಚಿದಳು. ಅವಳು ಆ ಕೈಯನ್ನು ಹಿಡಿದು ನೇರ ಬಾಯಿಗೆ ಹಾಕಿಕೊಂಡಳು.

ನಾನು ಮತ್ತೆ ಆಫೀಸಿಗೆ ಹೋಗಲು ಶುರು ಮಾಡಿದಾಗ ಮನೆಗೆ ಕ್ಯಾಮೆರಾ ಬಂತು. ಕೂತಲ್ಲಿಂದಲೇ ಮಗಳನ್ನು ನೋಡಬಹುದು, ಮಾತಾಡಲೂಬಹುದು. ಮೊದಲ ದಿನವೇ, “ಅಮ್ಮಾ, ಪುಟ್ಟಿ ಕಾಲು ಚೀಲ ಬಾಯಿಗೆ ಹಾಕ್ತಿದಾಳೆ ನೋಡು” ಎಂದೆ. ಕಪಾಟಿನ ಮೇಲಿಂದ ನನ್ನ ದನಿ ಬಂದದ್ದೇ ತಡ, ಅಮ್ಮ ಕೈಯಲ್ಲಿದ್ದ ಬಟ್ಟಲನ್ನು ಕೆಳಗೆ ಬಿಟ್ಟಳು. ಆಮೇಲೆ ಕ್ಯಾಮೆರಾದ ಹತ್ತಿರ ಬಂದು, ಪರದೆಯ ತುಂಬ ಒಂದೇ ಒಂದು ಕಣ್ಣು ತೋರಿಸುತ್ತಾ, “ಕೆಲಸ ಇಲ್ವೇನೇ ನಿಂಗೆ?” ಎಂದು ಕೇಳಿದಳು. ಇದು ಮೀಟಿಂಗಿನಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಅದಾಗಿ ನಾಲ್ಕನೇ ದಿನ ಮಧ್ಯಾಹ್ನ ಪರದೆ ಪೂರ್ತಿ ಕಪ್ಪಾಯಿತು. ಕರೆದರೆ ಉತ್ತರವಿಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ. ಆ ಹತ್ತು ನಿಮಿಷದಲ್ಲಿ ನಾನು ಏನೇನು ಕಲ್ಪಿಸಿಕೊಂಡೆ ಎಂದು ಹೇಳುವುದಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟು, ಲಿಫ್ಟಿಗೂ ಕಾಯದೆ, ಒಂದು ಚಪ್ಪಲಿಯ ಪಟ್ಟಿ ಕಿತ್ತುಕೊಂಡು ಮನೆಗೆ ಓಡಿ ಬಂದೆ. ಬಾಗಿಲು ತೆಗೆದರೆ ಅಜ್ಜಿ ಮೊಮ್ಮಗಳು ಇಬ್ಬರೂ ಗೊರಕೆ ಹೊಡೆಯುತ್ತಿದ್ದಾರೆ. ಕ್ಯಾಮೆರಾ ಮೇಲೆ ಎರಡು ಲಂಗೋಟಿ ಒಣಗುತ್ತಿವೆ.

“ಅಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರತ್ತೆ ಕಣೇ” ಎಂದಳು ಅಮ್ಮ, ಕಣ್ಣುಜ್ಜುತ್ತಾ.

ಎಷ್ಟು ಹೇಳಿದರೂ ಅದು ನಿಲ್ಲಲಿಲ್ಲ. ಮಗುವಿನ ಬಟ್ಟೆ ಬದಲಿಸುವಾಗ ಕ್ಯಾಮೆರಾ ಹಾಗೆ ಕಣ್ಣು ಬಿಟ್ಟುಕೊಂಡು ನೋಡುವುದು ಅಮ್ಮನಿಗೆ ಸರಿ ಕಾಣಲಿಲ್ಲವಂತೆ. ನಾನೂ ಹೇಳುವುದನ್ನು ಬಿಟ್ಟೆ.

ಹದಿಮೂರನೇ ತಿಂಗಳಲ್ಲಿ ಒಂದು ಶನಿವಾರ ಮಗಳು ಕುರ್ಚಿ ಬಿಟ್ಟು ನನ್ನ ಕಡೆಗೆ ಮೂರು ಹೆಜ್ಜೆ ನಡೆದಳು. ನಾನು ಕಿರುಚಿದೆ. ಅಮ್ಮ ನನಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ವಿಡಿಯೋ ತೆಗೆಯಲು ಹೋದರೆ ಫೋನಿನಲ್ಲಿ ಜಾಗ ಇಲ್ಲ. ಇರಲಿ ಬಿಡಿ, ಆ್ಯಪ್‌ನಲ್ಲಿ ಬರೆದೆ: ಮೊದಲ ಹೆಜ್ಜೆ, ಸಂಜೆ 6 ಗಂಟೆ 12 ನಿಮಿಷ.

ರಾತ್ರಿ ಜಾಗ ಮಾಡೋಣ ಅಂತ ಕ್ಯಾಮೆರಾದ ಹಳೆಯ ರೆಕಾರ್ಡಿಂಗ್‌ಗಳನ್ನು ಅಳಿಸಲು ಕೂತೆ. ಗುರುವಾರದ್ದು ಬರೀ ಕಪ್ಪು. ಲಂಗೋಟಿ. ಅಳಿಸಬೇಕು ಅನ್ನುವಷ್ಟರಲ್ಲಿ ದನಿ ಕೇಳಿಸಿತು. ಲಂಗೋಟಿಗೆ ಚಿತ್ರ ಮುಚ್ಚಲು ಬರುತ್ತೆ, ಮಾತು ಮುಚ್ಚಲು ಬರುವುದಿಲ್ಲವಲ್ಲ.

“ಬಾ… ಬಾ… ಬಾ… ಇನ್ನೊಂದು… ಅಯ್ಯೋ ನನ್ನ ಬಂಗಾರ! ನಾಲ್ಕು!” ಧೊಪ್ಪೆಂದು ಕೂತ ಸದ್ದು. ಮಗಳ ನಗು. ಆಮೇಲೆ ಅಮ್ಮನ ಪಿಸುಮಾತು: “ಶ್! ಶನಿವಾರ ನಿಮ್ಮಮ್ಮ ಮನೇಲಿರ್ತಾಳೆ. ಅವಳ ಮುಂದೆ ನಡಿ. ಅಲ್ಲೀವರೆಗೂ ಸುಮ್ನೆ ಕುಂಡಿ ಎಳ್ಕೊಂಡು ಓಡಾಡು, ಆಯ್ತಾ?”

ಎದ್ದು ಹೊರಗೆ ಬಂದೆ. ಅಮ್ಮ ಬಟ್ಟೆ ಮಡಚುತ್ತಿದ್ದಳು.

“ಅಮ್ಮಾ, ಪುಟ್ಟಿ ಮೊದಲು ನಡೆದಿದ್ದು ಯಾವಾಗ?”

“ಶನಿವಾರ” ಎಂದಳು ಅಮ್ಮ, ತಲೆ ಎತ್ತದೆ. “ಆರು ಗಂಟೆ ಹನ್ನೆರಡು ನಿಮಿಷಕ್ಕೆ.”