ಕಾಕಪೋಗೆ ಬಜೆಟ್ ವರ್ಷ ಗೊತ್ತಿಲ್ಲ

ನ್ಯೂಜಿಲೆಂಡಿನಲ್ಲಿ ಕಾಕಪೋ ಅಂತ ಒಂದು ಗಿಳಿ ಇದೆ. ಹಾರಲು ಬಾರದು, ಓಡಾಟವೆಲ್ಲ ರಾತ್ರಿ. ಪ್ರತಿವರ್ಷ ಮರಿ ಮಾಡುವ ಅವಸರವೂ ಅದಕ್ಕಿಲ್ಲ. ರಿಮು ಮರ ಮೈತುಂಬ ಹಣ್ಣು ಬಿಟ್ಟ ವರ್ಷ ಮಾತ್ರ ಮೊಟ್ಟೆ. ಅದು ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಮ್ಮೆ. 1995ರಲ್ಲಿ ಉಳಿದಿದ್ದದ್ದು ಬರೀ 51. ಬೆಕ್ಕಿನಂಥ ಬೇಟೆ ಪ್ರಾಣಿಗಳಿಲ್ಲದ ದ್ವೀಪಗಳಿಗೆ ಸಾಗಿಸಿ, ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ, ಗೂಡು ಕಾದು, ಈಗ ಇನ್ನೂರರ ಗಡಿ ದಾಟಿಸಿದ್ದಾರೆ.

ಹಣ್ಣು ಬಿಡದ ವರ್ಷ ಏನಾಗುತ್ತೆ ಯೋಚಿಸಿ. ಖರ್ಚು ಅಷ್ಟೇ ಇರುತ್ತೆ, ಮರಿ ಮಾತ್ರ ಸೊನ್ನೆ. "ಸಾಧನೆ ಏನು?" ಅಂತ ಲೆಕ್ಕಪತ್ರದವರು ಕೇಳಿದರೆ ತೋರಿಸಲು ಏನೂ ಇರೋದಿಲ್ಲ. ಆಗ ಅನುದಾನಕ್ಕೆ ಕತ್ತರಿ ಬಿದ್ದು, ಒಂದೊಂದು ಹಕ್ಕಿಯನ್ನೂ ಗುರುತು ಹಿಡಿಯುವ ಜನ ಬೇರೆ ಕೆಲಸ ನೋಡಿಕೊಂಡರೆ, ರಿಮು ಹಣ್ಣಾದ ವರ್ಷ ಗೂಡು ಕಾಯುವವರು ಯಾರು? ಅನುಭವವನ್ನು ಟೆಂಡರ್ ಕರೆದು ತರಿಸಿಕೊಳ್ಳೋಕಾಗಲ್ಲ.

ವನ್ಯಜೀವಿಗಳಿಗೆ ಸರ್ಕಾರ ಎಷ್ಟು ಕೊಟ್ಟಿತು ಅನ್ನೋದಕ್ಕಿಂತ ಎಷ್ಟು ವರ್ಷ ಬಿಡದೆ ಕೊಟ್ಟಿತು ಅನ್ನೋದೇ ನನಗೆ ಮುಖ್ಯ. ಐಬೇರಿಯನ್ ಲಿಂಕ್ಸ್ ನೋಡಿ. 2002ರಲ್ಲಿ ಸ್ಪೇನಿನಲ್ಲಿ ನೂರರೊಳಗೆ ಇಳಿದಿದ್ದ ಕಾಡುಬೆಕ್ಕು. ಯುರೋಪಿಯನ್ ಒಕ್ಕೂಟದ ಲೈಫ್ ಯೋಜನೆಯ ಹಣ ಇಪ್ಪತ್ತು ವರ್ಷ ಹರಿಯಿತು, ಸರ್ಕಾರಗಳು ಬಂದುಹೋದವು, ಕೆಲಸ ನಿಲ್ಲಲಿಲ್ಲ. ಅದರಲ್ಲಿ ಒಂದಿಷ್ಟು ಹೋಗಿದ್ದು ಮೊಲಗಳಿಗೆ! ಲಿಂಕ್ಸ್‌ನ ಊಟವೇ ಮೊಲ ಆದ್ದರಿಂದ. ಇವತ್ತು ಸ್ಪೇನ್, ಪೋರ್ಚುಗಲ್ ಸೇರಿ ಎರಡು ಸಾವಿರ ಮೀರಿವೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿ 2024ರಲ್ಲಿ ಅಪಾಯದಿಂದ ಒಂದು ಮೆಟ್ಟಿಲು ಮೇಲಕ್ಕೆ ಬಂತು.

"ಮನುಷ್ಯರಿಗೇ ಗತಿಯಿಲ್ಲ, ಹಕ್ಕಿಗೆ ಯಾಕೆ ದುಡ್ಡು" ಅನ್ನುವವರಿಗೆ ರಣಹದ್ದಿನ ಕಥೆ ಸಾಕು. ದನಕ್ಕೆ ಕೊಟ್ಟ ಡೈಕ್ಲೋಫಿನ್ಯಾಕ್ ನೋವಿನ ಔಷಧಿ, ಆ ದನದ ಹೆಣ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಅಳಿದವು. ಹೆಣ ಕೊಳೆಯಿತು, ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಿದವು. ಹದ್ದುಗಳಿಲ್ಲದ್ದರಿಂದ 2000ದಿಂದ 2005ರ ನಡುವೆ ಸುಮಾರು ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರೆಂದು ಅರ್ಥಶಾಸ್ತ್ರಜ್ಞರಿಬ್ಬರು 2024ರಲ್ಲಿ ಅಂದಾಜಿಸಿದರು. ದನಗಳಿಗೆ ಆ ಔಷಧಿ ನಿಷೇಧವಾದದ್ದು 2006ರಲ್ಲಿ. ಅದಕ್ಕೆ ಬೇಕಿದ್ದದ್ದು ಖಜಾನೆಯಲ್ಲ, ಒಂದು ಆದೇಶ.

ಇಲ್ಲೇ ನಮ್ಮ ಪರಿಸರಪ್ರೇಮಿ ಬಳಗದ ಜೊತೆಗೂ ನನಗೆ ತಕರಾರು. ಹಣ ಕೇಳುವಾಗಿನ ಗಂಟಲು ಮೂಲ ಕಾರಣದ ಮಾತು ಬಂದಾಗ ಕಟ್ಟಿಹೋಗುತ್ತೆ. ಅಮೆರಿಕದ ಹದ್ದು ಕ್ಯಾಲಿಫೋರ್ನಿಯಾ ಕಾಂಡೋರ್ 1982ರಲ್ಲಿ 22 ಉಳಿದಿದ್ದವು. 1987ರ ಹೊತ್ತಿಗೆ ಕಾಡಿನಲ್ಲಿದ್ದ ಎಲ್ಲವನ್ನೂ ಹಿಡಿದು ಸಾಕಿ, 1992ರಿಂದ ಮತ್ತೆ ಬಿಡುತ್ತಾ ಬಂದರು. ಸಾಕಿಕೊಂಡಿರುವವೂ ಸೇರಿ ಈಗ ಐನೂರು ದಾಟಿವೆ. ಆದರೆ ಬೇಟೆಗಾರರ ಸೀಸದ ಗುಂಡಿನ ಚೂರುಗಳು ಅವು ತಿನ್ನುವ ಹೆಣಗಳಲ್ಲಿ ಇನ್ನೂ ಸಿಗುತ್ತಿವೆ, ಸೀಸ ವಿಷ. ಹಾಗಾಗಿ ಹಾರುವ ಹಕ್ಕಿಗಳನ್ನು ಮತ್ತೆ ಮತ್ತೆ ಬಲೆಗೆ ಹಾಕಿ, ರಕ್ತ ಪರೀಕ್ಷಿಸಿ, ವಿಷ ಇಳಿಸಿ, ಮತ್ತೆ ಅದೇ ಆಕಾಶಕ್ಕೆ ಬಿಡುತ್ತಾರೆ. ಕ್ಯಾಲಿಫೋರ್ನಿಯಾ 2019ರಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧಿಸಿತು, ಸರಿ. ರಾಜ್ಯದ ಗಡಿ ಎಲ್ಲಿದೆ ಅಂತ ಕಾಂಡೋರ್‌ಗೆ ಯಾರು ಹೇಳಬೇಕು? ಆ ಚಿಕಿತ್ಸೆಯ ಬಿಲ್ಲನ್ನು ಸಂರಕ್ಷಣೆಯ ಲೆಕ್ಕಕ್ಕೆ ಬರೆಯುತ್ತಾರೆ. ನನ್ನ ಕೇಳಿದರೆ ಅದು ಗುಂಡಿನ ಲೆಕ್ಕಕ್ಕೆ ಹೋಗಬೇಕು.