ಪರ-ವಿರೋಧ: ಬ್ಯಾರಿ ಸ್ಯಾಂಡರ್ಸ್ ಅಷ್ಟು ಬೇಗ ಮೈದಾನ ಬಿಟ್ಟಿದ್ದು ಸರಿಯೇ?

ಪರ: ಕಾಲು ಗಟ್ಟಿ ಇರುವಾಗಲೇ ಬಿಟ್ಟ, ಒಳ್ಳೆಯದೇ ಮಾಡಿದ

1997ರ ಡಿಸೆಂಬರ್ 21, ಭಾನುವಾರ. ಅಮೆರಿಕದ ಮಿಷಿಗನ್‌ನ ಪಾಂಟಿಯಾಕ್ ಊರಿನ ಸಿಲ್ವರ್‌ಡೋಮ್ ಎಂಬ ಅಮೆರಿಕನ್ ಫುಟ್‌ಬಾಲ್ ಮೈದಾನಕ್ಕೆ ನಾನು ಕಾಲಿಟ್ಟಿದ್ದು ಅದೇ ಮೊದಲು. ನಮ್ಮವರು ಡೆಟ್ರಾಯಿಟ್‌ಗೆ ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿ ಆಟ ಅಂದರೆ ಕ್ರಿಕೆಟ್ ಅಷ್ಟೇ. ಪಕ್ಕದ ಮನೆಯ ಅಜ್ಜ ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರ ಹೆಂಡತಿಗೆ ಜ್ವರ ಬಂದಿತ್ತು. ಟಿಕೆಟ್ ಸುಮ್ನೆ ಹಾಳಾಗುತ್ತೆ, ಬನ್ನಿ ಎಂದು ನನ್ನನ್ನು ಕರೆದುಕೊಂಡು ಹೋದರು.

ದಾರಿಯುದ್ದಕ್ಕೂ ಆಟ ಹೇಳಿಕೊಟ್ಟರು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ರನ್ನಿಂಗ್ ಬ್ಯಾಕ್ ಎಂಬುವನ ಕೈಗೆ ಚೆಂಡು ಕೊಟ್ಟು ಓಡು ಅನ್ನುತ್ತಾರೆ. ಎದುರಿಗೆ ಹನ್ನೊಂದು ಜನ. ಅವನನ್ನು ನೆಲಕ್ಕೆ ಕೆಡವುವುದೊಂದೇ ಅವರ ಕೆಲಸ. ನಮ್ಮ ಡೆಟ್ರಾಯಿಟ್ ಲಯನ್ಸ್ ತಂಡದ ಆ ಓಟಗಾರ ಬ್ಯಾರಿ ಸ್ಯಾಂಡರ್ಸ್‌ನನ್ನು ನೋಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. 5 ಅಡಿ 8 ಇಂಚು ಎತ್ತರ, ನಮ್ಮ ಊರಿನ ಯಾವ ಹುಡುಗನಾದರೂ ಆಗಬಹುದು. ಆದರೆ ಚೆಂಡು ಕೈಗೆ ಬಂದ ಮೇಲೆ ಅವನು ಎತ್ತ ತಿರುಗುತ್ತಾನೆ ಎಂದು ಅವನಿಗೇ ಗೊತ್ತಿರುತ್ತಿತ್ತೋ ಇಲ್ಲವೋ. ಎಡಕ್ಕೆ ವಾಲಿದ ಅನ್ನುವಷ್ಟರಲ್ಲಿ ಬಲಕ್ಕೆ ನುಸುಳಿರುತ್ತಿದ್ದ. ಹಿಡಿಯಲು ಬಂದವರು ಗಾಳಿ ಹಿಡಿದು ಬೀಳುತ್ತಿದ್ದರು.

ಆ ದಿನ ಬ್ಯಾರಿ 184 ಗಜ ಓಡಿದ. ಆ ವರ್ಷದ ಲೆಕ್ಕ 2,053 ಗಜಕ್ಕೆ ಮುಟ್ಟಿತು. ಒಂದೇ ಸೀಸನ್‌ನಲ್ಲಿ 2,000 ದಾಟಿದವರಲ್ಲಿ ಅವನು ಮೂರನೆಯವನು. ಜನ ಇವತ್ತಿಗೂ ಆ ಸಂಖ್ಯೆ ಹೇಳುತ್ತಾರೆ.

ನನಗೆ ಆ ಓಟಗಳು ಒಂದೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಮೌನ. ಅದೇ ಆಟದಲ್ಲಿ ಲಯನ್ಸ್‌ನ ರೆಜಿ ಬ್ರೌನ್ ಎಂಬ 23 ವರ್ಷದ ಹುಡುಗ ಎದುರಾಳಿಯನ್ನು ತಡೆಯಲು ಹೋಗಿ ಬಿದ್ದ. ಏಳಲಿಲ್ಲ. ಕೈ ಅಲ್ಲಾಡಲಿಲ್ಲ, ಕಾಲು ಅಲ್ಲಾಡಲಿಲ್ಲ. ವೈದ್ಯರು ಓಡಿಬಂದರು. ಉಸಿರು ನಿಂತಿದೆಯಂತೆ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಮೈದಾನದೊಳಕ್ಕೇ ಆಂಬುಲೆನ್ಸ್ ಬಂತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಇದ್ದ ಜಾಗದಲ್ಲಿ ಆಂಬುಲೆನ್ಸಿನ ಬಾಗಿಲು ಹಾಕಿದ ಸದ್ದು ನನಗೆ ಕೇಳಿಸಿತು. ಅಜ್ಜ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದರು. ಆಟಗಾರರು ಮಂಡಿಯೂರಿ ಕೂತು ಪ್ರಾರ್ಥನೆ ಮಾಡುತ್ತಿದ್ದರು. ನಾನೂ ಗೊತ್ತಿದ್ದ ದೇವರನ್ನೆಲ್ಲ ನೆನೆದೆ.

ರೆಜಿ ಬ್ರೌನ್ ಬದುಕಿದ. ಶಸ್ತ್ರಚಿಕಿತ್ಸೆ ಆಯಿತು, ಮುಂದೆ ಎದ್ದು ನಡೆದಾಡಿದ. ಆದರೆ ಮತ್ತೆ ಆಡಲಿಲ್ಲ. ಅದಕ್ಕೂ ಆರು ವರ್ಷ ಮೊದಲು, 1991ರ ನವೆಂಬರ್‌ನಲ್ಲಿ, ಅದೇ ಮೈದಾನದಲ್ಲಿ ಮೈಕ್ ಅಟ್ಲಿ ಬಿದ್ದಿದ್ದ. ಅವನು ಬ್ಯಾರಿಗೆ ದಾರಿ ಮಾಡಿಕೊಡುವ ಮುಂಚೂಣಿ ಸಾಲಿನವನು. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ವಾಧೀನ ಹೋಯಿತು. ಸ್ಟ್ರೆಚರ್ ಮೇಲೆ ಹೊತ್ತೊಯ್ಯುವಾಗ ಹೆಬ್ಬೆರಳು ಎತ್ತಿ ತೋರಿಸಿದ್ದ. ಇದನ್ನು ವಾಪಸ್ ಬರುವಾಗ ಕಾರಿನಲ್ಲಿ ಅಜ್ಜ ಹೇಳಿದರು. ಅಷ್ಟು ಹೇಳಿ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಆಮೇಲೆ ಒಂದೂವರೆ ವರ್ಷಕ್ಕೆ, 1999ರ ಜುಲೈ ಕೊನೆಯಲ್ಲಿ, ತರಬೇತಿ ಶಿಬಿರ ಶುರುವಾಗುವ ಹೊತ್ತಿಗೆ ಬ್ಯಾರಿ ಆಟ ಬಿಟ್ಟೆ ಎಂದ. ಊರೆಲ್ಲ ಅವನನ್ನು ಬೈಯಿತು. ನಾನು ಅವತ್ತೂ ಬೈಯಲಿಲ್ಲ, ಇವತ್ತೂ ಬೈಯುವುದಿಲ್ಲ. ಆ ಮೌನ ಕೇಳಿದವರು ಯಾರೂ ಬೈಯಲಾರರು ಎಂದೇ ನನ್ನ ನಂಬಿಕೆ.

ಲೆಕ್ಕವನ್ನೇ ನೋಡೋಣ. ಹತ್ತು ವರ್ಷದಲ್ಲಿ ಅವನು ಚೆಂಡು ಹಿಡಿದು ಓಡಿದ್ದು 3,062 ಸಲ. ಆ ಪ್ರತಿ ಓಟದ ಕೊನೆಗೆ ಸಾಮಾನ್ಯವಾಗಿ ಏನಾಗುತ್ತದೆ? ಒಬ್ಬನೋ ಮೂವರೋ ಬಂದು ಮೈಮೇಲೆ ಬೀಳುತ್ತಾರೆ. ತವರು ಮೈದಾನದಲ್ಲಿ ಕೆಳಗೆ ಮಣ್ಣಲ್ಲ, ಗಟ್ಟಿ ನೆಲದ ಮೇಲೆ ಹಾಸಿದ ಕೃತಕ ಹುಲ್ಲು. 3,062 ಸಲ ಸಾಕಾಗಲಿಲ್ವಾ?

ಅದೇ ಕೆಲಸ ಮಾಡಿದ ಬೇರೆಯವರನ್ನು ನೋಡಿ. ಹೂಸ್ಟನ್‌ನ ಅರ್ಲ್ ಕ್ಯಾಂಬೆಲ್ 1978ರಿಂದ ಸತತ ಮೂರು ವರ್ಷ ಈ ಆಟದ ಲೀಗ್ ಎನ್‌ಎಫ್‌ಎಲ್‌ನಲ್ಲೇ ಅತಿ ಹೆಚ್ಚು ಗಜ ಓಡಿದವನು. ಗೂಳಿಯಂತೆ ನುಗ್ಗುತ್ತಿದ್ದ. ಆಮೇಲೆ ಬೆನ್ನೆಲುಬು, ಮಂಡಿ ಎಲ್ಲ ಕೈಕೊಟ್ಟು ಗಾಲಿಕುರ್ಚಿ ಹಿಡಿಯಬೇಕಾಯಿತು. ಡೆನ್ವರ್‌ನ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿದ. ಬ್ಯಾರಿ ಬಿಟ್ಟ ಮೂರೇ ತಿಂಗಳೊಳಗೆ ಅವನ ಮಂಡಿ ಹೋಯಿತು. ಹಳೆಯ ಡೇವಿಸ್ ಮತ್ತೆ ಮೈದಾನಕ್ಕೆ ಬರಲೇ ಇಲ್ಲ. ಅದೇ ಲೀಗ್, ಅದೇ ಕೆಲಸ.

ಲೀಗ್‌ನಲ್ಲಿ ಒಟ್ಟು ಅತಿ ಹೆಚ್ಚು ಗಜ ಓಡಿದ ದಾಖಲೆ ಬಿಟ್ಟುಬಿಟ್ಟ ಎನ್ನುತ್ತಾರೆ. ಹೌದು, ಅವನದು 15,269 ಗಜ. ಆಗ ಆ ದಾಖಲೆ ಇದ್ದ ವಾಲ್ಟರ್ ಪೇಟನ್ ಅವರ 16,726ಕ್ಕೆ ಬೇಕಿದ್ದಿದ್ದು ಇನ್ನು 1,457. ಅವನ ಲೆಕ್ಕದಲ್ಲಿ ಒಂದೇ ವರ್ಷದ ಕೆಲಸ. ಆದರೆ ಈ ಹುಡುಗ ಮೊದಲ ವರ್ಷ ಏನು ಮಾಡಿದ್ದ ಗೊತ್ತಾ? 1989ರ ಕೊನೆಯ ಆಟ. ಲೀಗ್‌ನ ಮೊದಲ ಸ್ಥಾನಕ್ಕೆ ಹತ್ತು ಗಜ ಕಡಿಮೆ. ಇನ್ನೊಂದೆರಡು ಸಲ ಓಡಿದ್ದರೆ ಸಾಕಿತ್ತು. ಕೋಚ್ ಕೇಳಿದರೂ ಒಳಗೆ ಹೋಗಲಿಲ್ಲ, ಆಟ ಗೆದ್ದಾಗಿದೆಯಲ್ಲ ಎಂದು ಕೂತುಬಿಟ್ಟ. ಟಚ್‌ಡೌನ್ ಮಾಡಿದರೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದರೆ, ಕುಣಿಯುತ್ತಿರಲಿಲ್ಲ. ಚೆಂಡನ್ನು ರೆಫರಿ ಕೈಗೆ ಕೊಟ್ಟು ಸುಮ್ಮನೆ ವಾಪಸ್ ಬರುತ್ತಿದ್ದ. ಕ್ಯಾನ್ಸಸ್‌ನ ವಿಚಿಟಾದಲ್ಲಿ ಮನೆಗಳಿಗೆ ಛಾವಣಿ ಹಾಕುತ್ತಿದ್ದ ಅಪ್ಪನ ಹನ್ನೊಂದು ಮಕ್ಕಳಲ್ಲಿ ಒಬ್ಬ ಅವನು. ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಅದೇ ಕೆಲಸ ಮಾಡಿದವನು. ಕೆಲಸ ಮುಗಿದರೆ ಏಣಿ ಇಳಿಯಬೇಕು, ಅಷ್ಟೇ. ಮೇಲೆ ನಿಂತು ಚಪ್ಪಾಳೆಗೆ ಕಾಯುವವನಲ್ಲ ಅವನು.

ತಂಡದ ಜೊತೆಗಿನ ಒಪ್ಪಂದ ಮುಗಿಯುವ ಮೊದಲೇ ಬಿಟ್ಟ ಎಂದು ಒಪ್ಪಂದ, ಒಪ್ಪಂದ ಅಂತ ಬಡಿದುಕೊಳ್ಳುವವರು ಮನುಷ್ಯನನ್ನು ಬಾಡಿಗೆ ಟ್ರ್ಯಾಕ್ಟರ್ ಅಂದುಕೊಂಡಿದ್ದಾರೆ. ಬಾಡಿಗೆ ಕೊಟ್ಟಾಗಿದೆ, ಇನ್ನು ಕೆಟ್ಟು ನಿಲ್ಲುವವರೆಗೂ ಉಳುತ್ತಿರಬೇಕು! ತಂಡಕ್ಕೆ ಬೇಡವಾದರೆ ಆಟಗಾರನನ್ನು ಕೈಬಿಡಬಹುದು. ಹದಿಮೂರು ವರ್ಷ ಮುಂಚೂಣಿ ಸಾಲಿನಲ್ಲಿದ್ದ ಕೆವಿನ್ ಗ್ಲೋವರ್‌ನನ್ನು 1998ರಲ್ಲಿ ಲಯನ್ಸ್ ಹಾಗೇ ಬಿಟ್ಟಿತು. ಆಟಗಾರ ತಾನೇ ಬಿಟ್ಟರೆ ಮಾತ್ರ ದ್ರೋಹವಾ?

ರೆಜಿ ಬ್ರೌನ್ ಬಿದ್ದಾಗ ಬ್ಯಾರಿ ಎಲ್ಲಿ ನಿಂತಿದ್ದ ಎಂದು ನಾನು ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ಬರುವುದಿಲ್ಲ. 2023ರಲ್ಲಿ ಲಯನ್ಸ್‌ನ ಈಗಿನ ಮೈದಾನವಾದ ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಹೊರಗೆ ಅವನ ಪ್ರತಿಮೆ ನಿಲ್ಲಿಸಿದರು. 55 ವರ್ಷದ ಬ್ಯಾರಿ ತನ್ನ ಕಾಲ ಮೇಲೆ ತಾನೇ ನಿಂತು ಅದನ್ನು ನೋಡಿದ. ನಾನು ಟಿವಿಯಲ್ಲಿ ಪ್ರತಿಮೆ ನೋಡಲೇ ಇಲ್ಲ, ಅವನ ನಡಿಗೆ ನೋಡುತ್ತಿದ್ದೆ.

ವಿರೋಧ: ಬಿಟ್ಟಿದ್ದಲ್ಲ, ಬಿಟ್ಟ ರೀತಿ ತಪ್ಪು

ನನಗೆ ವಿರೋಧದ ಕಡೆ ಬರೆಯಿರಿ ಎಂದರು. ಮುಚ್ಚುಮರೆ ಯಾಕೆ, ಸ್ಯಾಂಡರ್ಸ್ ಎಂದೋ ಒಂದು ದಿನ ಬಿಡಲೇಬೇಕಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅವರು ಬಿಟ್ಟ ಹೊತ್ತು ಮತ್ತು ಬಿಟ್ಟ ರೀತಿ ಎರಡೂ ಸರಿಯಿರಲಿಲ್ಲ.

ಮೊದಲು ಹಣದ ಮಾತು. 1997ರಲ್ಲಿ ಅವರು ಆರು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಸಹಿ ಹಾಕಿದ್ದಕ್ಕೇ 1 ಕೋಟಿ 10 ಲಕ್ಷ ಡಾಲರ್ ಬೋನಸ್. ಆಡಿದ್ದು ಎರಡೇ ವರ್ಷ. ತಂಡ ಬೋನಸ್‌ನ ಪಾಲು ವಾಪಸ್ ಕೇಳಿತು. ವಿಷಯ ಮಧ್ಯಸ್ಥಗಾರರ ಮುಂದೆ ಹೋಯಿತು. ಹಣ ಮರಳಿಸಬೇಕು ಎಂದೇ ತೀರ್ಪು ಬಂತು. ಆಡುವ ಮನಸ್ಸಿಲ್ಲದಿದ್ದರೆ ಬಿಡಬಹುದು, ಯಾರೂ ಕಟ್ಟಿಹಾಕುವುದಿಲ್ಲ. ಆದರೆ ಆಡದ ವರ್ಷಗಳ ದುಡ್ಡನ್ನು ಕೇಳುವ ಮೊದಲೇ ತಾವಾಗಿ ಕೊಟ್ಟಿದ್ದರೆ ಚೆನ್ನಾಗಿತ್ತು. ಆರು ವರ್ಷ ಎಂದು ಸಹಿ ಮಾಡಿದವರು ಅವರೇ.

ಎರಡನೆಯದು ಆ ಫ್ಯಾಕ್ಸ್. ಕೋಚ್ ಬಾಬಿ ರಾಸ್ ಅವರಿಗೆ ಎದುರು ಕೂತು ಹೇಳಲಿಲ್ಲ. ಡೆಟ್ರಾಯಿಟ್ ಜನರ ಮುಂದೆ ಬಂದು ಹೇಳಲಿಲ್ಲ. ಹುಟ್ಟೂರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿದರು. ಆಟದಲ್ಲಿ ಉಳಿಯುವ ಆಸೆಗಿಂತ ಬಿಡುವ ಆಸೆಯೇ ಜಾಸ್ತಿಯಾಗಿದೆ ಎನ್ನುವುದು ಅದರ ಸಾರ. ಆಮೇಲೆ ಲಂಡನ್‌ಗೆ ಹೊರಟುಹೋದರು. ಶಿಬಿರ ಶುರುವಾಗುವ ಹೊತ್ತಿಗೆ ತಂಡದ ಮುಖ್ಯ ಓಟಗಾರ ಹೀಗೆ ಹೋದರೆ ಉಳಿದವರ ಗತಿಯೇನು? ಬೇರೆಯವರನ್ನು ಹುಡುಕಿಕೊಳ್ಳಲು ಹೊತ್ತೆಲ್ಲಿದೆ? ಫೆಬ್ರವರಿಯಲ್ಲಿ ಇದೇ ಮಾತು ಹೇಳಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ. ಡೆಟ್ರಾಯಿಟ್‌ನಲ್ಲಿ ನಾನು ಕೆಲಸ ಬದಲಿಸಿದಾಗಲೆಲ್ಲ ಎರಡು ವಾರ ಮೊದಲೇ ನೋಟಿಸ್ ಕೊಟ್ಟಿದ್ದೇನೆ. ನನ್ನ ಫೈಲುಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದೇನೆ. ದೊಡ್ಡವರಿಗೂ ಈ ನಿಯಮ ಬೇಡವೇ?

ಗಾಯದ ಮಾತು ಬಂದೇ ಬರುತ್ತದೆ. ಆದರೆ ಸ್ಯಾಂಡರ್ಸ್ ಬಿಟ್ಟಿದ್ದು ಗಾಯದಿಂದಲ್ಲ. ತಂಡ ಸೋಲುತ್ತಲೇ ಇದ್ದ ಬೇಸರವೇ ಮುಖ್ಯ ಕಾರಣ ಎಂದು ಆಮೇಲೆ ಅವರೇ ಹೇಳಿಕೊಂಡರು. ಹಾಗಾಗಿ ಅದನ್ನು ಪಕ್ಕಕ್ಕಿಡೋಣ. ಅವರ ಹತ್ತು ವರ್ಷದಲ್ಲಿ ಲಯನ್ಸ್ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತುಗಳಲ್ಲಿ, ಗೆದ್ದಿದ್ದು ಒಂದೇ ಆಟ ನಿಜ. 1998ರಲ್ಲಿ 16 ಆಟದಲ್ಲಿ 11 ಸೋತರು, ಅದೂ ನಿಜ. ಆದರೆ ಅವರು ಬಿಟ್ಟ ವರ್ಷವೇ ಏನಾಯಿತು? ಎಂಟು ಗೆದ್ದು ಎಂಟು ಸೋತು ಲಯನ್ಸ್ ಪ್ಲೇಆಫ್ ತಲುಪಿತು. ಓಟಗಾರರಲ್ಲಿ ಒಬ್ಬರೂ ಸಾವಿರ ಗಜ ದಾಟಿರಲಿಲ್ಲ. ವಾಷಿಂಗ್ಟನ್ ಎದುರು ಮೊದಲ ಸುತ್ತಿನಲ್ಲೇ ಸೋತರು. ಸ್ಯಾಂಡರ್ಸ್ ಒಬ್ಬರು ಇದ್ದಿದ್ದರೆ ಅಂತ ಆವತ್ತು ಅಂದುಕೊಳ್ಳದವರು ಈ ಊರಲ್ಲಿ ಯಾರಿದ್ದರು? ತಂಡ ಗೆಲ್ಲುವುದಿಲ್ಲ ಎಂದು ಬೇಸರಪಟ್ಟು ಹೋದವರು ಇನ್ನೊಂದೇ ವರ್ಷ ಕಾಯಬೇಕಿತ್ತು.

ದಾಖಲೆಯ ವಿಷಯ ಚಿಕ್ಕದೇನಲ್ಲ. 2002ರ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನ ಎಮಿಟ್ ಸ್ಮಿತ್ ಪೇಟನ್ ಅವರನ್ನು ದಾಟಿದರು. ಮುಂದೆ 18,355 ಗಜಕ್ಕೆ ನಿಲ್ಲಿಸಿದರು. 15 ವರ್ಷ ಆಡಿದರು. ಅದೂ ಇದೇ ಹೊಡೆತ ತಿನ್ನುವ ಕೆಲಸವೇ ಅಲ್ವಾ?

ನನ್ನ ಆಫೀಸಿನಲ್ಲಿ ಒಬ್ಬರಿದ್ದರು. ಅವರ ಅಪ್ಪ 1957ರಲ್ಲಿ ಲಯನ್ಸ್ ಚಾಂಪಿಯನ್ ಆದ ಆಟ ನೋಡಿದವರು. ಅದೇ ಕೊನೆ, ಆಮೇಲೆ ಈ ತಂಡ ಚಾಂಪಿಯನ್ ಆಗಿಲ್ಲ. ಸೀಸನ್ ಟಿಕೆಟ್ ಅಪ್ಪನಿಂದ ಮಗನಿಗೆ ಬಂದಿತ್ತು. ಸುದ್ದಿ ಬಂದ ಬೆಳಿಗ್ಗೆ ಅವರು ತಮ್ಮ ಮೇಜಿನ ಮೇಲಿದ್ದ, ಸ್ಯಾಂಡರ್ಸ್ ಅವರ 20ನೇ ನಂಬರಿನ ಪುಟ್ಟ ಗೊಂಬೆಯನ್ನು ನೋಡುತ್ತಾ ಕೂತಿದ್ದರು. ನಾನು ಕಾಫಿ ತಂದುಕೊಟ್ಟೆ. ಅವರಿಗೆ ಬೇಜಾರಾಗಿದ್ದು ಆಟ ಬಿಟ್ಟಿದ್ದಕ್ಕಲ್ಲ. ಕೊನೆಯ ಆಟ ಯಾವುದು ಎಂದು ಮೊದಲೇ ಗೊತ್ತಿದ್ದಿದ್ದರೆ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದೆ ಎಂದರು. ಅಪ್ಪನಿಗೆ ಆಗ ವಯಸ್ಸಾಗಿತ್ತು, ಹೊರಗೆ ಹೋಗುವುದು ಕಷ್ಟವಾಗಿತ್ತು. ಆದರೂ ಅದೊಂದು ದಿನಕ್ಕೆ ಹೇಗಾದರೂ ಮಾಡಿ ಕರೆದೊಯ್ಯುತ್ತಿದ್ದರು.

ಆ ಗೊಂಬೆಯನ್ನು ಅವರು ಎಸೆಯಲಿಲ್ಲ. ಡ್ರಾಯರಿನಲ್ಲಿ ಇಟ್ಟರು. ನಾನು ಆ ಆಫೀಸು ಬಿಡುವವರೆಗೂ ಅದು ಅಲ್ಲೇ ಇತ್ತು.